ಕಡಲೆಕಾಯಿ ಎಣ್ಣೆ ಕುಡಿದ ಇಂಜಿನ್ನು, ಕಸಕ್ಕೆ ಬೀಳುವ ಹೊಂಗೆ ಬೀಜ

ಕಾರ್ತಿಕ ಮಾಸದ ಕಡೇ ಸೋಮವಾರ ಬಂತೆಂದರೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಸ್ತೆಯ ಎರಡೂ ಕಡೆ ಕಡಲೆಕಾಯಿ ರಾಶಿ. ಹಸಿ ಕಾಯಿ, ಒಣ ಕಾಯಿ, ಹುರಿದದ್ದು, ಬೇಯಿಸಿದ್ದು. ಸೇರು ಲೆಕ್ಕದಲ್ಲಿ ಕೊಂಡು, ಸಿಪ್ಪೆಯನ್ನು ರಸ್ತೆಗೇ ಉದುರಿಸಿ, ದೊಡ್ಡ ಬಸವಣ್ಣನಿಗೆ ಕೈಮುಗಿದು ಮನೆಗೆ ಹೋಗುತ್ತೇವೆ. ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಸ್ಥಾನದ ಹತ್ತಿರವೂ ಪರಿಷೆ ನಡೆಯುತ್ತಿದೆ. ಸಂತೋಷ.

ರಾತ್ರಿಯಾದರೆ ಅಂಗಡಿಗಳ ದೀಪಕ್ಕೆ, ಮೈಕಿಗೆ, ತಿರುಗುವ ತೊಟ್ಟಿಲಿಗೆ ಕರೆಂಟು ಬೇಕಲ್ಲ? ಪರಿಷೆ ಇರಲಿ, ಜಾತ್ರೆ ಇರಲಿ, ಮದುವೆ ಛತ್ರವೇ ಇರಲಿ, ಹಿಂದುಗಡೆ ಎಲ್ಲೋ ಒಂದು ಡೀಸೆಲ್ ಜನರೇಟರು ಗುಡುಗುಡು ಅನ್ನುತ್ತಿರುತ್ತದೆ. ಕಡಲೆಕಾಯಿಗೂ ಆ ಇಂಜಿನ್ನಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ನಗುತ್ತೀರಿ. ನಗಬೇಡಿ ಸ್ವಾಮಿ, ಸಂಬಂಧ ಇದೆ, ಅದೂ ನೂರು ವರ್ಷಕ್ಕಿಂತ ಹಳೆಯದು.

ಪ್ಯಾರಿಸಿನಲ್ಲಿ ನಡೆದದ್ದು

1900ರಲ್ಲಿ ಪ್ಯಾರಿಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಆಟೋ ಕಂಪನಿಯವರು ಒಂದು ಚಿಕ್ಕ ಡೀಸೆಲ್ ಇಂಜಿನ್ನನ್ನು ಓಡಿಸಿ ತೋರಿಸಿದರು. ಅದರ ಟ್ಯಾಂಕಿಗೆ ಹಾಕಿದ್ದು ಕಡಲೆಕಾಯಿ ಎಣ್ಣೆ. ಇಂಜಿನ್ನು ಖನಿಜ ತೈಲಕ್ಕೆ ಅಂತ ಮಾಡಿದ್ದು. ಏನೂ ಬದಲಾಯಿಸದೆ ಕಡಲೆಕಾಯಿ ಎಣ್ಣೆಯಲ್ಲೇ ಅದು ಎಷ್ಟು ನಯವಾಗಿ ಓಡಿತು ಅಂದರೆ, ನೋಡುತ್ತಿದ್ದ ಬಹಳ ಜನಕ್ಕೆ ಅದು ಗೊತ್ತೇ ಆಗಲಿಲ್ಲವಂತೆ. ಈ ಸಂಗತಿಯನ್ನು ಹೇಳಿದವನು ಇಂಜಿನ್ನಿನ ಜನಕ ರುಡಾಲ್ಫ್ ಡೀಸೆಲ್. 1912ರಲ್ಲಿ ಆತನೇ ಇದನ್ನು ನೆನಪಿಸಿಕೊಂಡು, ಮುಂದೊಂದು ದಿನ ಸಸ್ಯದ ಎಣ್ಣೆಗಳೂ ಕಲ್ಲಿದ್ದಲು, ಪೆಟ್ರೋಲಿಯಂ ಎಣ್ಣೆಗಳಷ್ಟೇ ಮುಖ್ಯ ಆಗಬಹುದು ಅಂತ ಹೇಳಿದ. ಮರುವರ್ಷ, 1913ರಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾಗಿ ಸಮುದ್ರದಲ್ಲಿ ಹೆಣವಾದ.

ಕಡಲೆಕಾಯಿ ಎಣ್ಣೆಯ ಆಸೆ ಮೂಲತಃ ಫ್ರೆಂಚ್ ಸರ್ಕಾರದ್ದು. ಆಫ್ರಿಕದ ಅವರ ವಸಾಹತುಗಳಲ್ಲಿ ಕಡಲೆಕಾಯಿ ಧಾರಾಳವಾಗಿ ಬೆಳೆಯುತ್ತಿತ್ತು. ಅಲ್ಲಿಗೆ ಕಲ್ಲಿದ್ದಲು, ಎಣ್ಣೆ ಸಾಗಿಸುವುದರ ಬದಲು ಅಲ್ಲೇ ಬೆಳೆದದ್ದರಿಂದ ಇಂಜಿನ್ ಓಡಿಸಬಹುದಲ್ಲ ಅಂತ ಅವರ ಲೆಕ್ಕ. ಆಮೇಲೆ ಪೆಟ್ರೋಲಿಯಂ ಅಗ್ಗವಾಯಿತು, ಎಣ್ಣೆಕಾಳಿನ ಕಥೆ ಮೂಲೆಗೆ ಬಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ಪ್ರತಿ ವರ್ಷ ಆಗಸ್ಟ್ 10ರಂದು ಜೈವಿಕ ಇಂಧನ ದಿನ ಆಚರಿಸುತ್ತಾರೆ. 1893ರ ಆ ದಿನ ಡೀಸೆಲ್ ಕಡಲೆಕಾಯಿ ಎಣ್ಣೆಯಿಂದ ಇಂಜಿನ್ ಓಡಿಸಿದ ಅಂತ ವೇದಿಕೆ ಮೇಲೆ ಭಾಷಣ ಆಗುತ್ತದೆ. 1893ರಲ್ಲಿ ನಡೆದದ್ದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಮೊದಲ ಮಾದರಿಯ ಪರೀಕ್ಷೆ. ಕಡಲೆಕಾಯಿ ಎಣ್ಣೆ ಬಂದದ್ದು 1900ರಲ್ಲಿ. ಭಾಷಣ ಮಾಡುವವರು ಇಷ್ಟನ್ನಾದರೂ ಸರಿಯಾಗಿ ಹೇಳಲಿ.

ಓಡುತ್ತೆ, ಆದರೆ ಎಷ್ಟು ದಿನ?

ಕಲಾಸಿಪಾಳ್ಯದ ಗ್ಯಾರೇಜುಗಳಲ್ಲಿ, ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ಇದು ಹೊಸದಲ್ಲ. ಹಳೇ ಕಾಲದ ಒಂಟಿ ಸಿಲಿಂಡರಿನ ಪಂಪ್‌ಸೆಟ್ ಇಂಜಿನ್ನಿಗೆ ಏನು ಹಾಕಿದರೂ ಓಡುತ್ತೆ ಅನ್ನುವ ಮಾತು ಬಹಳ ದಿನದಿಂದ ಇದೆ. ಅರ್ಧ ನಿಜ. ಉಳಿದ ಅರ್ಧ ತಿಳಿಯಬೇಕಾದರೆ ಇಂಜಿನ್ನಿನ ಹೊಟ್ಟೆಯೊಳಗೆ ಇಣುಕಬೇಕು.

ಪೆಟ್ರೋಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸುತ್ತದೆ. ಡೀಸೆಲ್ಲಿನಲ್ಲಿ ಕಿಡಿಯೇ ಇಲ್ಲ. ಪಿಸ್ಟನ್ನು ಬರೀ ಗಾಳಿಯನ್ನು ಹದಿನಾರು ಇಪ್ಪತ್ತು ಪಟ್ಟು ಅದುಮುತ್ತದೆ. ಅದುಮಿದ ಗಾಳಿ 500 ಡಿಗ್ರಿಗೂ ಮೀರಿ ಕಾಯುತ್ತದೆ. ಆ ಹೊತ್ತಿಗೆ ಸರಿಯಾಗಿ ನಾಜಲ್ಲಿನ ಕೂದಲೆಳೆಯಂಥ ತೂತುಗಳಿಂದ ಎಣ್ಣೆ ಮಂಜಿನ ಹಾಗೆ ಒಳಗೆ ಚಿಮ್ಮುತ್ತದೆ, ತಾನಾಗಿ ಹೊತ್ತಿಕೊಳ್ಳುತ್ತದೆ. ಇಡೀ ಇಂಜಿನ್ನಿನ ಗುಟ್ಟು ಈ ಮಂಜಿನಲ್ಲಿದೆ.

ಗಾಣದ ಎಣ್ಣೆಯ ತೊಂದರೆಯೂ ಇಲ್ಲೇ. ಡೀಸೆಲ್ಲು ನೀರಿನ ಹತ್ತಿರಕ್ಕೆ ತೆಳು. ಹೊಂಗೆ ಎಣ್ಣೆ, ಕಡಲೆಕಾಯಿ ಎಣ್ಣೆ ಅದಕ್ಕಿಂತ ಹತ್ತು ಪಟ್ಟು, ಇನ್ನೂ ಹೆಚ್ಚು ಮಂದ. ಮಂದ ಎಣ್ಣೆ ಮಂಜಾಗುವುದಿಲ್ಲ, ಹನಿಹನಿಯಾಗಿ ಬೀಳುತ್ತದೆ. ಹನಿ ಪೂರ್ತಿ ಸುಡುವುದಿಲ್ಲ. ಸುಡದೆ ಉಳಿದದ್ದು ನಾಜಲ್ಲಿನ ಬಾಯಿಗೆ ಕರಿಯಾಗಿ ಕಟ್ಟಿಕೊಳ್ಳುತ್ತದೆ. ಪಿಸ್ಟನ್ ರಿಂಗು ಗಾಡಿಯಲ್ಲಿ ಅಂಟಿ ಕೂರುತ್ತದೆ. ಅಲ್ಲಿಂದ ಜಾರಿದ ಎಣ್ಣೆ ಕೆಳಗಿನ ಇಂಜಿನ್ ಆಯಿಲಿಗೆ ಸೇರಿ ಅದನ್ನು ಅಂಟಿನ ಹಾಗೆ ಮಾಡುತ್ತದೆ. ಮೊದಲ ದಿನ ಇಂಜಿನ್ ಓಡುತ್ತೆ, ಮೊದಲ ವಾರವೂ ಓಡುತ್ತೆ. ಕೆಲವು ನೂರು ಗಂಟೆ ಕಳೆದ ಮೇಲೆ ಮೆಕ್ಯಾನಿಕ್ ಬಂದು ಹೆಡ್ ಬಿಚ್ಚಿದಾಗ ಗೊತ್ತಾಗುತ್ತೆ ಉಳಿಸಿದ ಕಾಸು ಎಲ್ಲಿಗೆ ಹೋಯಿತು ಅಂತ.

ಇದಕ್ಕೆ ದಾರಿ ಇಲ್ಲವೆ? ಇದೆ, ಮೂರು.

ಒಂದು, ಎಣ್ಣೆಯನ್ನು ಕಾಯಿಸುವುದು. ದೋಸೆ ಕಲ್ಲಿಗೆ ಹಾಕಿದ ಎಣ್ಣೆ ಕಾದ ಮೇಲೆ ಹೇಗೆ ಹರಿಯುತ್ತೆ ನೋಡಿದ್ದೀರಲ್ಲ, ಅದೇ ತತ್ತ್ವ. ಇಂಜಿನ್ನಿನ ಬಿಸಿ ನೀರು ಅಥವಾ ಹೊಗೆ ಕೊಳವೆಯ ಶಾಖದಿಂದ ಎಣ್ಣೆಯನ್ನು 70–90 ಡಿಗ್ರಿಗೆ ತಂದರೆ ಅದು ತೆಳುವಾಗುತ್ತದೆ. ಇದಕ್ಕೆ ಎರಡು ಟ್ಯಾಂಕು ಬೇಕು. ಶುರು ಮಾಡುವಾಗ ಡೀಸೆಲ್, ಕಾದ ಮೇಲೆ ಗಾಣದೆಣ್ಣೆ, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್. ಕಡೇ ಹೆಜ್ಜೆ ಮರೆತರೆ ಪೈಪಿನೊಳಗೆ ಎಣ್ಣೆ ತಣ್ಣಗಾಗಿ ನಿಂತು ಮಾರನೇ ದಿನ ಇಂಜಿನ್ನು ಮುನಿಸಿಕೊಳ್ಳುತ್ತದೆ.

ಎರಡು, ಡೀಸೆಲ್ಲಿಗೆ ಸ್ವಲ್ಪ ಬೆರೆಸುವುದು. ಶೇ. 10, ಶೇ. 20ರ ಒಳಗೆ ಇದ್ದರೆ ಹಳೇ ಇಂಜಿನ್ನು ಸಹಿಸಿಕೊಳ್ಳುತ್ತದೆ. ತೊಂದರೆ ಇಲ್ಲ ಅಂತಲ್ಲ, ನಿಧಾನವಾಗಿ ಬರುತ್ತದೆ ಅಷ್ಟೆ.

ಮೂರು, ಎಣ್ಣೆಯ ಗುಣವನ್ನೇ ಬದಲಾಯಿಸುವುದು. ಇದಕ್ಕೇ ಬಯೋಡೀಸೆಲ್ ಅನ್ನುತ್ತಾರೆ. ನೂರು ಲೀಟರ್ ಎಣ್ಣೆಗೆ ಸುಮಾರು ಇಪ್ಪತ್ತು ಲೀಟರ್ ಮೆಥನಾಲ್, ಕಿಲೋಗೆ ಮೀರದಷ್ಟು ಕಾಸ್ಟಿಕ್ ಸೇರಿಸಿ 60 ಡಿಗ್ರಿ ಶಾಖದಲ್ಲಿ ಗಂಟೆ ಹೊತ್ತು ಕಲಕಿದರೆ ಎಣ್ಣೆ ಎರಡಾಗಿ ಒಡೆಯುತ್ತದೆ. ಕೆಳಗೆ ಗ್ಲಿಸರಿನ್ ಇಳಿಯುತ್ತದೆ, ಮೇಲೆ ಬಯೋಡೀಸೆಲ್ ನಿಲ್ಲುತ್ತದೆ. ಅದನ್ನು ತೊಳೆದು, ನೀರಿನಂಶ ತೆಗೆದರೆ ಹೆಚ್ಚುಕಡಿಮೆ ಡೀಸೆಲ್ಲಿನಷ್ಟೇ ತೆಳು. ಹೊಗೆ ಕಡಿಮೆ, ಗಂಧಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಶಕ್ತಿ ಮಾತ್ರ ಡೀಸೆಲ್ಲಿಗಿಂತ ಹತ್ತನೇ ಒಂದು ಪಾಲಿನಷ್ಟು ಖೋತಾ. ಹಳೇ ಎಣ್ಣೆಯಲ್ಲಿ ಹುಳಿಯಂಶ ಜಾಸ್ತಿ ಇದ್ದರೆ ಕಾಸ್ಟಿಕ್ ಹಾಕಿದ ಕೂಡಲೆ ಸೋಪಾಗಿ ಕೂರುತ್ತದೆ. ಹೊಂಗೆ ಎಣ್ಣೆಗೆ ಈ ಚಾಳಿ ಬಹಳ. ಅದಕ್ಕೇ ಮೊದಲು ಆಸಿಡ್ ಹಾಕಿ ಒಂದು ಸುತ್ತು ಹದ ಮಾಡಿಕೊಳ್ಳಬೇಕು. ಮತ್ತೆ ಮೆಥನಾಲ್ ಅಂದರೆ ವಿಷ. ಅದು ಉರಿದರೆ ಹಗಲಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಮನೆಯ ಬಚ್ಚಲಲ್ಲಿ ಪ್ರಯೋಗಕ್ಕೆ ಇಳಿಯುವವರು ಈ ಸಾಲನ್ನು ಎರಡು ಸಲ ಓದಿ, ಆಸೆ ಬಿಡಿ.

ಗ್ಯಾಸಿನ ದಾರಿ

ಎಣ್ಣೆಗೆ ಎಣ್ಣೆಯೇ ಬದಲಿ ಆಗಬೇಕಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸೀಮೆಯಲ್ಲೂ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡಿದವು. ಬಸ್ಸಿನ ಹಿಂದೆ ಹಂಡೆಯಂಥ ಒಲೆ, ಅದರಲ್ಲಿ ಇದ್ದಿಲು. ಬೆಳಿಗ್ಗೆ ಎದ್ದು ಒಲೆಯ ಗಾಳಿಚಕ್ರ ತಿರುಗಿಸಿ ಬೆಂಕಿ ಹಿಡಿಸುವ ಕೆಲಸ ಕ್ಲೀನರ್ ಹುಡುಗನದು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕಿತ್ತು ಅನ್ನೋದು ಹಿರಿಯರ ಬಾಯಲ್ಲಿ ಉಳಿದ ಮಾತು. ಅವು ಪೆಟ್ರೋಲ್ ಇಂಜಿನ್ನುಗಳು, ಕಿಡಿ ಇತ್ತು, ಗ್ಯಾಸು ಹೊತ್ತಿಕೊಳ್ಳುತ್ತಿತ್ತು.

ಡೀಸೆಲ್ ಇಂಜಿನ್ನಿಗೆ ಗ್ಯಾಸು ಕೊಡುವುದು ಬೇರೆ ತರಹ. ಬರೀ ಅದುಮಿದ ಮಾತ್ರಕ್ಕೆ ಗ್ಯಾಸು ಹೊತ್ತುವುದಿಲ್ಲ. ಅದಕ್ಕೇ ಗಾಳಿ ಒಳಗೆ ಹೋಗುವ ಕೊಳವೆಯಲ್ಲೇ ಗ್ಯಾಸನ್ನು ಬೆರೆಸಿ ಬಿಡುತ್ತಾರೆ. ಜೊತೆಗೆ ಸ್ವಲ್ಪ ಡೀಸೆಲ್ ಚಿಮುಕಿಸುತ್ತಾರೆ. ಡೀಸೆಲ್ಲು ಬೆಂಕಿಕಡ್ಡಿಯ ಕೆಲಸ ಮಾಡುತ್ತದೆ, ಗ್ಯಾಸು ಸೌದೆಯ ಕೆಲಸ. ಇಂಜಿನ್ನಿನ ಗವರ್ನರು ವೇಗ ನೋಡಿಕೊಂಡು ತಾನೇ ಡೀಸೆಲ್ ಕಡಿಮೆ ಮಾಡುತ್ತದೆ. ಚೆನ್ನಾಗಿ ಹೊಂದಿಸಿದರೆ ನೂರಕ್ಕೆ 80–85 ಭಾಗ ಡೀಸೆಲ್ ಉಳಿತಾಯ. ಗ್ಯಾಸು ನಿಂತರೂ ಇಂಜಿನ್ನು ನಿಲ್ಲುವುದಿಲ್ಲ, ಪೂರಾ ಡೀಸೆಲ್ಲಿಗೆ ತಿರುಗಿಕೊಳ್ಳುತ್ತದೆ.

ಟಾಟಾ ಇನ್‌ಸ್ಟಿಟ್ಯೂಟಿನ ಮಗ್ಗುಲಲ್ಲಿ

ಇದೆಲ್ಲ ಎಲ್ಲೋ ಜರ್ಮನಿಯ ಮಾತಲ್ಲ. ಮಲ್ಲೇಶ್ವರದ ಮಗ್ಗುಲಲ್ಲೇ ಇರುವ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅನ್ನುವ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ವಿಜ್ಞಾನ ಅಂತ ಅವರ ಹಟ.

ಅವರು ಕೆಲಸಕ್ಕೆ ಹಿಡಿದ ಊರುಗಳಲ್ಲಿ ಒಂದು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ. ಊರಿನ ದನಗಳ ಸಗಣಿಯಿಂದ ಗೋಬರ್ ಗ್ಯಾಸು ಮಾಡಿ ಮನೆಮನೆಗೆ ಅಡುಗೆಗೆ ಕೊಡೋಣ ಅಂತ ಮೊದಲು ಹೊರಟರು. ಅಷ್ಟು ಗ್ಯಾಸು ಸಾಲಲಿಲ್ಲ. ಯೋಜನೆ ಕೈಬಿಡಲಿಲ್ಲ, ದಾರಿ ಬದಲಿಸಿದರು. ಅದೇ ಗ್ಯಾಸನ್ನು ಡೀಸೆಲ್ ಇಂಜಿನ್ನಿಗೆ ಕೊಟ್ಟು 1987ರಿಂದ ಊರಿಗೆ ಕುಡಿಯುವ ನೀರು, ಮನೆಗೆ ದೀಪ. ಸಗಣಿ ತಂದು ಹಾಕಿದವರಿಗೆ ಕಿಲೋಗೆ 2 ಪೈಸೆ, ಗೊಬ್ಬರ ವಾಪಸ್. ಸಗಣಿ ಹೊರುವವರು ಬಹುಪಾಲು ಹೆಂಗಸರು, ಕಾಸೂ ಅವರ ಕೈಗೇ.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆ ಗ್ಯಾಸು ಬಂತು. ಪ್ರೊ. ಎಚ್.ಎಸ್. ಮುಕುಂದ ಅವರ ತಂಡ ರೂಪಿಸಿದ ಗ್ಯಾಸಿಫೈಯರು. ಸೌದೆ ತುಂಡನ್ನು ಅರೆಗಾಳಿಯಲ್ಲಿ ಸುಟ್ಟು ಬರುವ ಗ್ಯಾಸನ್ನು ತಣಿಸಿ, ಶೋಧಿಸಿ 5 ಕುದುರೆ ಶಕ್ತಿಯ ಡೀಸೆಲ್ ಇಂಜಿನ್ನಿಗೆ ಬಿಟ್ಟರು. ಆಮೇಲೆ 20 ಕಿಲೋವ್ಯಾಟಿಗೆ ಏರಿಸಿದರು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರು ಎಲ್ಲ ಅದರಿಂದಲೇ. ಹತ್ತು ವರ್ಷಕ್ಕೂ ಮೀರಿ ಅದು ನಡೆಯಿತು. ನಡೆಸಿದವರು ಊರಿನ ಹುಡುಗರೇ.

1990ರ ದಶಕದ ಕೊನೆಗೆ ಅದೇ ಸಂಸ್ಥೆಯ ಮೆಕ್ಯಾನಿಕಲ್ ವಿಭಾಗದ ಪ್ರೊ. ಉಡುಪಿ ಶ್ರೀನಿವಾಸ ಹೊಂಗೆ ಎಣ್ಣೆಯ ಬೆನ್ನು ಹತ್ತಿದರು. ನಮ್ಮ ಅಜ್ಜಿಯರ ಕಾಲದಲ್ಲಿ ದೀಪಕ್ಕೆ ಉರಿಯುತ್ತಿದ್ದ ಎಣ್ಣೆ ಇಂಜಿನ್ನಿನಲ್ಲಿ ಯಾಕೆ ಉರಿಯಬಾರದು ಅನ್ನುವ ಪ್ರಶ್ನೆ. 'ಸೂತ್ರ' ಅನ್ನುವ ಹೆಸರಿನಲ್ಲಿ ಕಗ್ಗನಹಳ್ಳಿಯ ಕಡೆ ಹೊಂಗೆ ಎಣ್ಣೆಯ ಜನರೇಟರುಗಳು ಬೋರ್‌ವೆಲ್ ನೀರೆತ್ತಿದವು, ಒಣಭೂಮಿಯಲ್ಲಿ ಬೆಳೆ ಬಂತು. 2001ರ ಸುಮಾರಿಗೆ ದಾಂಡೇಲಿಯ ಫೆರೋಅಲಾಯ್ಸ್ ಕಾರ್ಖಾನೆಯವರು ತಮ್ಮ ಜನರೇಟರುಗಳನ್ನೇ ಹೊಂಗೆ ಎಣ್ಣೆಗೆ ತಿರುಗಿಸಿಕೊಂಡರು.

ಅಂದರೆ ವಿದ್ಯೆ ಇಲ್ಲ ಅನ್ನುವ ಹಾಗಿಲ್ಲ. ಸಂಪಿಗೆ ರಸ್ತೆಯಿಂದ ಸೈಕಲ್ಲು ತುಳಿದರೆ ಸಿಗುವ ದೂರದಲ್ಲಿ ವಿದ್ಯೆ ಇತ್ತು.

ಸರ್ಕಾರದ ಪಾಲು

ಸರ್ಕಾರ ಕೈಕಟ್ಟಿ ಕೂತಿತ್ತು ಅನ್ನೋದೂ ತಪ್ಪು. 2002ರ ಡಿಸೆಂಬರ್ 31ರಂದು ದೆಹಲಿ-ಅಮೃತಸರದ ಶತಾಬ್ದಿ ರೈಲನ್ನು ಶೇ. 5 ಬಯೋಡೀಸೆಲ್ ಬೆರೆಸಿ ಓಡಿಸಿದರು. ಆ ದಶಕದಲ್ಲೇ ನಮ್ಮ ಕೆಎಸ್‌ಆರ್‌ಟಿಸಿ ಡೀಸೆಲ್ಲಿಗೆ ಶೇ. 7.7ರಷ್ಟು ಎಥನಾಲ್ ಬೆರೆಸಿ ಬಸ್ಸು ಓಡಿಸಿತು. 2003ರಲ್ಲಿ ದೇಶದ ಬಂಜರಿಗೆಲ್ಲ ಕಾಡುಹರಳು, ಅಂದರೆ ಜಟ್ರೋಫಾ, ನೆಟ್ಟುಬಿಡೋಣ ಅಂತ ದೊಡ್ಡ ಹುರುಪು ಹುಟ್ಟಿತು. ಕೆಲವೇ ವರ್ಷದಲ್ಲಿ ಡೀಸೆಲ್ಲಿನ ಐದನೇ ಒಂದು ಪಾಲು ಅದರಿಂದಲೇ ಅಂದರು. ನೀರು ಗೊಬ್ಬರ ಇಲ್ಲದ ಬಂಜರಿನಲ್ಲಿ ಗಿಡ ಬದುಕಿತು, ಕಾಯಿ ಬಿಡಲಿಲ್ಲ. ನೆಟ್ಟ ರೈತನಿಗೆ ಕೊಳ್ಳುವವರೂ ಸಿಗಲಿಲ್ಲ.

ಕರ್ನಾಟಕ ಇದರಿಂದ ಸ್ವಲ್ಪ ಬುದ್ಧಿ ಕಲಿಯಿತು ಅನ್ನಬೇಕು. ನಮ್ಮವರು ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಅಂತ ಹಲವು ಮರ ಹಿಡಿದರು. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕು ಎದ್ದಿತು. 2009ರಲ್ಲಿ ರಾಜ್ಯದ್ದೇ ನೀತಿ, ಅದರ ಬೆನ್ನಿಗೆ ಜೈವಿಕ ಇಂಧನ ಅಭಿವೃದ್ಧಿ ಮಂಡಳಿ. ಸರ್ಕಾರಿ ಜಾಗಕ್ಕೆ 'ಹಸಿರು ಹೊನ್ನು', ರೈತರ ಜಮೀನಿಗೆ 'ಬರಡು ಬಂಗಾರ'. ಹೆಸರಂತೂ ಚೆನ್ನಾಗಿತ್ತು. ಬೆಳೆ ತೆಗೆದು ಹೊಸದಾಗಿ ತೋಟ ಮಾಡಬೇಡಿ, ಬದುವಿನಲ್ಲಿ, ಬೇಲಿಯಲ್ಲಿ ಮರ ನೆಡಿ ಅನ್ನುವ ಬುದ್ಧಿವಾದವೂ ಸರಿಯಾದದ್ದೇ.

ಆದರೆ ದಿಲ್ಲಿಯ ಗುರಿ ಮಾತ್ರ ಪ್ರತಿ ಸಲವೂ ಮುಂದಕ್ಕೆ ಓಡಿತು. 2009ರ ರಾಷ್ಟ್ರೀಯ ನೀತಿ 2017ರ ಹೊತ್ತಿಗೆ ಶೇ. 20 ಬೆರಕೆ ಅಂದಿತು. 2018ರ ನೀತಿ ಡೀಸೆಲ್ಲಿಗೆ 2030ರ ಹೊತ್ತಿಗೆ ಶೇ. 5 ಸಾಕು ಅಂತ ಇಳಿಸಿತು. ಆ ನೀತಿ ಬಂದ ಮೊದಲ ವರ್ಷಗಳಲ್ಲಿ ಬೆರೆತದ್ದು ಶೇ. 1 ಕೂಡ ಆಗಲಿಲ್ಲ. ಪೆಟ್ರೋಲಿಗೆ ಎಥನಾಲ್ ಬೆರೆಸುವುದು ಭರದಿಂದ ನಡೆಯಿತು. ಯಾಕೆಂದರೆ ಅಲ್ಲಿ ಸಕ್ಕರೆ ಕಾರ್ಖಾನೆ ಇತ್ತು, ಒಂದೇ ಕಡೆ ಕಬ್ಬು ಬಂದು ಬೀಳುತ್ತಿತ್ತು. ಹೊಂಗೆ ಬೀಜ ಒಂದೇ ಕಡೆ ಬಂದು ಬೀಳುವುದಿಲ್ಲ. ಅದನ್ನು ಆರಿಸಬೇಕು, ಕಾಯಿ ಒಡೆಯಬೇಕು, ಗಾಣಕ್ಕೆ ಸಾಗಿಸಬೇಕು. ಆರಿಸುವ ಕೈಗೆ ಕೂಲಿ ಗಿಟ್ಟಬೇಕು. ಎಣ್ಣೆಯಾದ ಮೇಲೂ ಸೋಪಿನವರು, ಚರ್ಮ ಹದಮಾಡುವವರು ಒಳ್ಳೇ ಬೆಲೆ ಕೊಟ್ಟು ಕೊಂಡೊಯ್ಯುತ್ತಾರೆ. ಡೀಸೆಲ್ ಬೆಲೆಗೆ ಹೊಂಗೆ ಎಣ್ಣೆ ಮಾರು ಅಂದರೆ ಯಾವ ಗಾಣದವನು ಮಾರುತ್ತಾನೆ?

ಒಂದು ಮರದ ಲೆಕ್ಕ

ಈಗ ನಮ್ಮ ಬೀದಿಗೆ ಬರೋಣ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಬಡಾವಣೆಗಳಲ್ಲಿ ಹೊಂಗೆ ಮರ ಇಲ್ಲದ ರಸ್ತೆ ಹುಡುಕಬೇಕು. ಯುಗಾದಿ ಹೊತ್ತಿಗೆ ಎಳೇ ಹಸಿರು ಚಿಗುರು, ಆಮೇಲೆ ತಿಳಿ ನೇರಳೆ ಹೂವಿನ ಹಾಸು. ಅದಕ್ಕೂ ಮುಂಚೆ ಹಿಂದಿನ ವರ್ಷದ ಕಾಯಿ ಉದುರುತ್ತದೆ. ಆ ಕಾಯಿ ಏನಾಗುತ್ತದೆ? ಪೌರಕಾರ್ಮಿಕರ ಪೊರಕೆಗೆ ಸಿಕ್ಕಿ ತರಗೆಲೆಯ ಜೊತೆ ಗೋಣಿಚೀಲಕ್ಕೆ, ಅಲ್ಲಿಂದ ಕಸದ ಲಾರಿಗೆ. ಕೆಲವು ಕಡೆ ರಸ್ತೆ ಮೂಲೆಯಲ್ಲೇ ಬೆಂಕಿಗೆ.

ಇದನ್ನು ಆರಿಸಿದರೆ ಊರೆಲ್ಲ ಬೆಳಗಬಹುದು ಅಂತ ಹೇಳುವವರೂ ಇದ್ದಾರೆ. ಅವಸರ ಬೇಡ, ಲೆಕ್ಕ ಹಾಕೋಣ. ಹೊಂಗೆಯ ಫಸಲು ಮರದಿಂದ ಮರಕ್ಕೆ ಬಹಳ ವ್ಯತ್ಯಾಸ. ಬೆಳೆದ ಮರಕ್ಕೆ ವರ್ಷಕ್ಕೆ 20 ಕಿಲೋ ಬೀಜ ಅಂತ ಇಟ್ಟುಕೊಳ್ಳಿ. ಬೀಜದಲ್ಲಿ ಮೂರನೇ ಒಂದು ಪಾಲಿನಷ್ಟು ಎಣ್ಣೆ ಇದ್ದರೂ ಗಾಣಕ್ಕೆ ಕಾಲು ಭಾಗ ಸಿಕ್ಕರೆ ಪುಣ್ಯ. ಅಲ್ಲಿಗೆ 5 ಕಿಲೋ, ಅಂದರೆ ಐದೂವರೆ ಲೀಟರಿನ ಹತ್ತಿರ. ಗಂಟೆಗೆ ಹತ್ತು ಲೀಟರ್ ಕುಡಿಯುವ ಮದುವೆ ಛತ್ರದ ಜನರೇಟರು ಒಂದು ಗಂಟೆ ಓಡಲು ಎರಡು ಮರದ ವರ್ಷದ ಫಸಲು ಬೇಕು. ಮುಹೂರ್ತದ ದಿನ ಆರು ಗಂಟೆ ಕರೆಂಟು ಹೋದರೆ ಒಂದು ಅಡ್ಡರಸ್ತೆಯ ಹನ್ನೆರಡು ಮರ ಖಾಲಿ.

ಹಾಗಾದರೆ ಬೇಡವೆ? ಬೇಕು. ಊರು ಬೆಳಗಲು ಸಾಲದಿದ್ದರೂ ಪಾರ್ಕಿನ ಒಂದು ಪಂಪಿಗೆ, ಪಾಲಿಕೆಯ ಒಂದೆರಡು ಹುಲ್ಲು ಕತ್ತರಿಸುವ ಯಂತ್ರಕ್ಕೆ, ಕೊಂಬೆ ಕತ್ತರಿಸುವ ಲಾರಿಗೆ ಅಷ್ಟು ಆದೀತು. ಎಣ್ಣೆ ತೆಗೆದ ಹಿಂಡಿಯಂತೂ ಒಳ್ಳೇ ಗೊಬ್ಬರ, ಪಾರ್ಕಿಗೇ ಹಾಕಬಹುದು. ದನಕ್ಕೆ ಹಾಕುವ ಹಾಗಿಲ್ಲ, ಕಹಿ ಮತ್ತು ವಿಷ. ಬೀಜ ಆರಿಸಿದ ಪೌರಕಾರ್ಮಿಕರಿಗೆ ಕಿಲೋಗೆ ಇಷ್ಟು ಅಂತ ಕಾಸು ಬಂದರೆ ಅದು ಅವರ ಹಕ್ಕು. ಪುರದಲ್ಲಿ ಸಗಣಿಗೆ ಬೆಲೆ ಕಟ್ಟಿದ ಮೇಲೆ ಯೋಜನೆ ನಡೆದದ್ದನ್ನು ಮರೆಯಬಾರದು. ಬಿಟ್ಟಿ ಆರಿಸಿ ಅಂದರೆ ಯಾರೂ ಆರಿಸುವುದಿಲ್ಲ, ಆರಿಸಲೂಬಾರದು.

ಬಾಣಲೆಯ ತಳದ ಎಣ್ಣೆ

ಹೊಂಗೆಗಿಂತ ದೊಡ್ಡ ಗಣಿ ಇನ್ನೊಂದಿದೆ. ಸಜ್ಜನ್‌ರಾವ್ ಸರ್ಕಲ್ಲಿನ ತಿಂಡಿ ಬೀದಿಗೆ ಸಂಜೆ ಹೋಗಿ ನೋಡಿ. ಗಾಂಧಿಬಜಾರಿಗೆ ಹೋಗಿ. ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಹೋಗಿ. ಬಜ್ಜಿ, ಬೋಂಡ, ವಡೆ, ಕೋಡುಬಳೆ. ಬಾಣಲೆಯಲ್ಲಿ ಎಣ್ಣೆ ಕುದಿಯುತ್ತಲೇ ಇರುತ್ತದೆ. ರಾತ್ರಿ ಅಂಗಡಿ ಮುಚ್ಚಿದಾಗ ತಳದಲ್ಲಿ ಉಳಿದ ಕಪ್ಪು ಎಣ್ಣೆ ಎಲ್ಲಿಗೆ ಹೋಗುತ್ತದೆ?

ಮೂರು ಜಾಗಕ್ಕೆ ಹೋಗಬಹುದು. ಚರಂಡಿಗೆ ಹೋದರೆ ಗಟ್ಟಿಯಾಗಿ ಒಳಚರಂಡಿ ಕಟ್ಟಿಕೊಳ್ಳುತ್ತದೆ. ಅಗ್ಗಕ್ಕೆ ಕೊಳ್ಳುವವನಿಗೆ ಹೋದರೆ ಇನ್ನೊಂದು ಗಾಡಿಯ ಬಾಣಲೆಗೆ ಬಿದ್ದು, ಕೊನೆಗೆ ಯಾರದೋ ಮಗುವಿನ ಹೊಟ್ಟೆಗೆ. ಬಯೋಡೀಸೆಲ್ ಮಾಡುವವರಿಗೆ ಹೋದರೆ ಇಂಜಿನ್ನಿಗೆ. ಈ ಮೂರರಲ್ಲಿ ಯಾವುದು ಒಳ್ಳೆಯದು ಅಂತ ಹೇಳಬೇಕಿಲ್ಲ.

ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಅಂಶಗಳು ಸೇರುತ್ತಾ ಹೋಗುತ್ತವೆ. ಆಹಾರ ಸುರಕ್ಷತೆ ಪ್ರಾಧಿಕಾರ 2018ರ ಜುಲೈ 1ರಿಂದ ಇದಕ್ಕೆ ಶೇ. 25ರ ಮಿತಿ ಹಾಕಿತು. ಅದು ದಾಟಿದರೆ ಆ ಎಣ್ಣೆ ತಿನ್ನಲು ಯೋಗ್ಯವಲ್ಲ. ಅದೇ ವರ್ಷ ಆಗಸ್ಟಿನಲ್ಲಿ 'ರೂಕೋ' ಅಂತ ಯೋಜನೆ ಬಂತು. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವವರಿಗೆ ಕೊಡುವುದು ಅದರ ಕೆಲಸ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಹೋಟೆಲ್ಲುಗಳು, ತಯಾರಕರು ಎಷ್ಟು ಬಳಸಿದೆ, ಉಳಿದದ್ದು ಯಾರಿಗೆ ಕೊಟ್ಟೆ ಅಂತ ಲೆಕ್ಕ ಬರೆದಿಡಬೇಕು ಅಂತ 2019ರಲ್ಲಿ ಆದೇಶ ಆಯಿತು.

ದೊಡ್ಡ ಹೋಟೆಲ್ಲಿಗೆ ಇದು ಸರಿ. ಗಾಡಿಯವರ ಪಾಡೇನು? ಅವರು ದಿನಕ್ಕೆ ಐದು ಲೀಟರ್ ಎಣ್ಣೆ ಬಳಸುವವರು. ಅವರ ಹತ್ತಿರ ಡಬ್ಬ ಹಿಡಿದು ಯಾರೂ ಬರುವುದಿಲ್ಲ. ತಿಂಡಿ ಬೀದಿಯಂಥ ಜಾಗದಲ್ಲಿ ಇಪ್ಪತ್ತು ಮೂವತ್ತು ಅಂಗಡಿ ಸೇರಿ ಒಂದೇ ಡ್ರಮ್ಮು ಇಟ್ಟರೆ ತಾನೇ ಸಂಗ್ರಹದ ಗಾಡಿಗೆ ಬರಲು ಗಿಟ್ಟುವುದು? ಒಂದು ಬೀದಿಯಿಂದ ದಿನಕ್ಕೆ ಹತ್ತು ಲೀಟರ್ ಬಂದರೆ ತಿಂಗಳಿಗೆ ಮುನ್ನೂರು. ಅದರಲ್ಲಿ ತೊಳೆದು ಸೋಸಿ ಇನ್ನೂರೈವತ್ತಕ್ಕೂ ಮೀರಿ ಇಂಧನ ಸಿಗುತ್ತದೆ. ಹೊಂಗೆ ಲೆಕ್ಕದಲ್ಲಿ ಇದು ಐವತ್ತು ಮರದ ವರ್ಷದ ಫಸಲು, ಒಂದೇ ತಿಂಗಳಿಗೆ. ಮರ ಹತ್ತಬೇಕಿಲ್ಲ, ಕಾಯಿ ಒಡೆಯಬೇಕಿಲ್ಲ. ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ತರುವ ನಾಡಿನಲ್ಲಿ ಹೊಸ ಎಣ್ಣೆಯನ್ನು ಇಂಜಿನ್ನಿಗೆ ಸುರಿಯುವುದು ಪಾಪ. ತಿಂದು ಮುಗಿಸಿದ್ದನ್ನು ಸುರಿಯುವುದು ಜಾಣತನ.

ಜನರೇಟರ್ ಇಟ್ಟವರಿಗೆ

ಇದನ್ನು ಓದಿ ನಾಳೆಯೇ ಬಜ್ಜಿ ಎಣ್ಣೆಯ ಡಬ್ಬ ಹಿಡಿದು ಜನರೇಟರ್ ಹತ್ತಿರ ಹೋಗುವವರಿಗೆ ನಾಲ್ಕು ಮಾತು.

ಹೊಸ ಇಂಜಿನ್ನಿಗೆ ಹಸಿ ಎಣ್ಣೆ ಮುಟ್ಟಿಸಬೇಡಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ವಾಹನಗಳು, 2023ರ ಜುಲೈನಿಂದ ಹೊಸ ಹೊಗೆ ನಿಯಮಕ್ಕೆ ತಯಾರಾದ ಜನರೇಟರುಗಳು ಹಳೇ ಕಾಲದ ಗಡಸು ಜೀವಗಳಲ್ಲ. ಅವುಗಳಲ್ಲಿ ಎಣ್ಣೆ ಚಿಮ್ಮುವ ಒತ್ತಡ ಬಹಳ ಹೆಚ್ಚು, ಭಾಗಗಳು ಬಹಳ ಸೂಕ್ಷ್ಮ. ಒಂದು ಇಂಜೆಕ್ಟರ್ ಹೋದರೆ ಉಳಿಸಿದ ಡೀಸೆಲ್ಲಿನ ಹತ್ತು ಪಟ್ಟು ಖರ್ಚು, ಗ್ಯಾರಂಟಿಯೂ ಹೋಯಿತು.

ಬಯೋಡೀಸೆಲ್ ಕೊಳ್ಳುವುದಾದರೆ ಐಎಸ್ 15607 ಅನ್ನುವ ಮಾನಕಕ್ಕೆ ಪರೀಕ್ಷೆಯಾದ ಚೀಟಿ ಕೇಳಿ. ಬಯೋಡೀಸೆಲ್ ಅಂತ ಬೋರ್ಡು ಹಾಕಿ ಕಾರ್ಖಾನೆಯ ಯಾವುದೋ ಎಣ್ಣೆ ಮಾರುವವರೂ ಹುಟ್ಟಿಕೊಂಡಿದ್ದಾರೆ. ಗುಜರಾತಿನಲ್ಲಿ 2020–21ರ ಸುಮಾರಿಗೆ ಇಂಥ ಪಂಪುಗಳ ಮೇಲೆ ಪೊಲೀಸರು ಸಾಲುಸಾಲಾಗಿ ದಾಳಿ ಮಾಡಬೇಕಾಯಿತು.

ಹಳೇ ಇಂಜಿನ್ನಿಗೆ ಮೊದಲ ಸಲ ಬಯೋಡೀಸೆಲ್ ಹಾಕಿದಾಗ ಟ್ಯಾಂಕಿನ ತಳದ ವರ್ಷಗಳ ಕೊಳೆ ಕರಗಿ ಫಿಲ್ಟರಿಗೆ ಬರುತ್ತದೆ. ಇಂಜಿನ್ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಒಂದೆರಡು ಸಲ ಫಿಲ್ಟರ್ ಬದಲಿಸಿ. ಹಳೇ ರಬ್ಬರ್ ಪೈಪು ಇದ್ದರೆ ಅದು ಊದಿ ಸೋರುತ್ತದೆ, ಮುಂಚೆಯೇ ಬದಲಿಸಿ. ತಿಂಗಳುಗಟ್ಟಲೆ ಓಡದೆ ನಿಲ್ಲುವ ಜನರೇಟರಿನಲ್ಲಿ ತುಂಬಿಸಿ ಇಡಬೇಡಿ, ಬಯೋಡೀಸೆಲ್ ಹಳಸುತ್ತದೆ.

ಸೌದೆ ಗ್ಯಾಸು, ಗೋಬರ್ ಗ್ಯಾಸಿನ ಜೋಡಣೆಯನ್ನು ಬಲ್ಲವರ ಕೈಯಲ್ಲೇ ಮಾಡಿಸಿ. ಸೌದೆ ಗ್ಯಾಸಿನಲ್ಲಿ ವಾಸನೆಯಿಲ್ಲದೆ ಕೊಲ್ಲುವ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಬೇಡ.

ಕೇಳಬೇಕಾದದ್ದು ಇಷ್ಟೆ

ವಿದ್ಯೆ ಇದೆ. ಎಣ್ಣೆ ಇದೆ. ಕೊಳ್ಳುವ ಇಂಜಿನ್ನೂ ಇದೆ. ನಡುವೆ ಇಲ್ಲದಿರುವುದು ಒಂದು ಡ್ರಮ್ಮು ಮತ್ತು ಅದನ್ನು ಹೊರುವ ಒಂದು ಗಾಡಿ. ಕುಣಿಗಲ್ಲಿನ ಹಳ್ಳಿಗಳಲ್ಲಿ ಕೆಲಸ ಕೂಡಿಬಂದದ್ದು ಬರೀ ಯಂತ್ರದ ಮಹಿಮೆಯಿಂದಲ್ಲ. ಸಗಣಿ ಯಾರು ತರಬೇಕು, ಸೌದೆ ಯಾರು ಕಡಿಯಬೇಕು, ಯಾರಿಗೆ ಎಷ್ಟು ಕೊಡಬೇಕು ಅಂತ ಊರವರು ಕೂತು ತೀರ್ಮಾನ ಮಾಡಿದ್ದರಿಂದ. ನಮ್ಮ ಬಡಾವಣೆಗಳಲ್ಲಿ ಕೂತು ಮಾತಾಡುವ ಅಭ್ಯಾಸಕ್ಕೇನೂ ಬರವಿಲ್ಲ, ಪಾರ್ಕಿನ ಬೆಂಚುಗಳೇ ಸಾಕ್ಷಿ.

ಪಾಲಿಕೆಯವರನ್ನು ವಾರ್ಡಿನ ಜನ ಎರಡು ಮಾತು ಕೇಳಬೇಕು. ತಿಂಡಿ ಬೀದಿಯ ಅಂಗಡಿಯವರಿಗೆ ಲೈಸೆನ್ಸು, ಬಾಡಿಗೆ, ದಂಡ ಅಂತ ಬರುವ ಅಧಿಕಾರಿಗಳು ಬಳಸಿದ ಎಣ್ಣೆಗೆ ಒಂದು ಡ್ರಮ್ಮು ಇಡಿಸಿ, ವಾರಕ್ಕೆರಡು ಸಲ ಅಧಿಕೃತ ಸಂಗ್ರಹದವರಿಂದ ಎತ್ತಿಸುವ ಏರ್ಪಾಡು ಯಾವಾಗ ಮಾಡುತ್ತಾರೆ? ಹೊಂಗೆ ಕಾಯಿ ಉದುರುವ ಮೂರು ತಿಂಗಳು ಅದನ್ನು ಬೇರೆ ಚೀಲದಲ್ಲಿ ಕಟ್ಟಿದ ಪೌರಕಾರ್ಮಿಕರಿಗೆ ಕಿಲೋಗೆ ಎಷ್ಟು ಕೊಡುತ್ತಾರೆ?

ಅಂಗಡಿಯವರನ್ನು ಗಿರಾಕಿಗಳು ಕೇಳಬೇಕಾದದ್ದು ಒಂದೇ. ಬಜ್ಜಿ ಕೊಳ್ಳುವಾಗ ಮೆಣಸಿನಕಾಯಿಯದೋ ಬಾಳೆಕಾಯಿಯದೋ ಅಂತ ಕೇಳುತ್ತೀರಲ್ಲ, ಅದರ ಜೊತೆಗೆ, ನಿನ್ನೆಯ ಎಣ್ಣೆ ಏನು ಮಾಡಿದ್ರಿ ಅಂತಲೂ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧ ಇರುತ್ತದೆ.